ಪೇಟೆಬೀದಿಯ ಜೀರ್ಣೋದ್ಧಾರ: ಬೆಂಗಳೂರಿನ ದೊಡ್ಡಪೇಟೆ ಚಿಕ್ಕಪೇಟೆಗಳ ಚರಿತ್ರೆಯಿಂದ ಕೆಲವು ಪಾಠಗಳು

ಮಠವೊಂದರ ಮಹೋತ್ಸವದ ಸ್ಮಾರಕ ಸಂಪುಟದಲ್ಲಿ ಅಂಗಡಿಬೀದಿಯ ಚರಿತ್ರೆಗೆ ಎಡೆಯೆಲ್ಲಿಯದು ಎಂದು ಸದ್ಭಕ್ತರಲ್ಲಿ ಕೆಲವರು ಶಂಕಿಸಬಹುದು. ಈ ಶಂಕೆಯು ಸಹಜವಾದುದೇ. ಆದರೆ ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಪೇಟೆಗೂ ಧರ್ಮಕ್ಕೂ ಇರುವ ನಂಟು ಹೊಸ ಸಂಗತಿಯಲ್ಲ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದವರು ತಮ್ಮ ಸಂತೆಗೆ ಬಂದ ಅಡಕೆ, ಎಲೆ, ಎಣ್ಣೆ, ಧಾನ್ಯಗಳ ಹೇರುಗಳ ಮೇಲೆ ಇಂತಿಷ್ಟೆಂದು ಕಟ್ಟಿಕೊಂಡು, ಅದನ್ನು ದೇವಾಲಯಗಳ ನಂದಾದೀಪಕ್ಕೂ ಮಠಗಳ ಅನ್ನದಾನ ವಿದ್ಯಾದಾನಗಳಿಗೂ ಬಿಟ್ಟುಕೊಟ್ಟ ದತ್ತಿಗಳು ಅನೇಕವಾಗಿ ದೊರೆತಿವೆ. ಪೇಟೆಯು ಬಾಳಿದರೆ ದೀಪವು ಉರಿಯಿತು; ಪೇಟೆಯು ಹಾಳಾದರೆ ದೀಪದ ಎಣ್ಣೆಯು ಬತ್ತಿತು. ಇದಲ್ಲದೆ, ಶ್ರೀಮಠದ ಮುಂದಣ ಬೀದಿಯಲ್ಲಿರುವ ಹಳೆಯ ಮಳಿಗೆಗಳ ಸಾಲನ್ನು ಬಿಚ್ಚಿ ಹೊಸದಾಗಿ ಕಟ್ಟಿಸಬೇಕೆಂಬ ಆಲೋಚನೆಯು ಈ ಮಹೋತ್ಸವದ ಸಂದರ್ಭದಲ್ಲಿ ನಮ್ಮ ಭಕ್ತಮಂಡಲಿಯಲ್ಲಿ ನಡೆದಿರುವುದು ಎಲ್ಲರಿಗೂ ತಿಳಿದೇ ಇದೆ. ಇಂತಹ ಕಾಲದಲ್ಲಿ, ಹಲವು ಸಲ ಬಿದ್ದು ಹಲವು ಸಲ ಎದ್ದ ಒಂದು ಪೇಟೆಯ ಚರಿತ್ರೆಯನ್ನು ಮನನ ಮಾಡುವುದು ನಿರರ್ಥಕವಾಗಲಾರದೆಂದು ಭಾವಿಸಿ ಈ ಲೇಖನವನ್ನು ಬರೆಯಲು ಉದ್ಯುಕ್ತನಾಗಿದ್ದೇನೆ.

ಜೀರ್ಣೋದ್ಧಾರವೆಂಬ ಶಬ್ದವನ್ನು ನಾವು ದೇವಾಲಯಗಳಿಗೆ ಸಂಬಂಧಿಸಿ ಬಳಸುವುದು ರೂಢಿ. ಆಗಮಗಳು ಈ ಕಾರ್ಯಕ್ಕೆ ಒಂದು ಕ್ರಮವನ್ನು ವಿಧಿಸಿವೆ. ಗರ್ಭಗೃಹವನ್ನು ಬಿಚ್ಚುವುದಕ್ಕೆ ಮೊದಲು ಬಾಲಾಲಯವೆಂಬ ಚಿಕ್ಕ ಆಲಯವನ್ನು ಏರ್ಪಡಿಸಿ, ದೇವತಾಸಾನ್ನಿಧ್ಯವನ್ನು ಅಲ್ಲಿಗೆ ಬಿಜಯಮಾಡಿಸಿ, ನಿತ್ಯಪೂಜೆಯು ಒಂದು ದಿನವೂ ತಪ್ಪದಂತೆ ನಡೆಯಿಸಿ, ಕಟ್ಟಡವು ಮುಗಿದ ತರುವಾಯ ಅದೇ ಸಾನ್ನಿಧ್ಯವನ್ನು ಮರಳಿ ಮೂಲಸ್ಥಾನಕ್ಕೆ ತರಬೇಕು. ಹೊಸ ಗೋಪುರವು ಎಷ್ಟೇ ಎತ್ತರವಾಗಿದ್ದರೂ ಒಳಗೆ ಪೂಜೆಯು ನಿಂತುಹೋಗಿದ್ದರೆ ಅದು ಜೀರ್ಣೋದ್ಧಾರವೆನಿಸದು; ಕಲ್ಲಿನ ರಾಶಿಯೆನಿಸೀತು. ಬೀದಿಯ ವಿಷಯದಲ್ಲಿಯೂ ಹೀಗೆಯೇ ಎಂಬುದು ಈ ಲೇಖನದ ತಾತ್ಪರ್ಯ. ಅಂಗಡಿಬೀದಿಗೆ ವ್ಯಾಪಾರಿಯ ಕಾಯಕವೇ ನಿತ್ಯಪೂಜೆ. ಅದು ಉಳಿದರೆ ಉದ್ಧಾರ. ಅದು ಅಳಿದು ಕಟ್ಟಡವು ಮಾತ್ರ ಏರಿದರೆ ಬರಿಯ ನಿರ್ಮಾಣ.

ಬೆಂಗಳೂರಿನ ಪೇಟೆಯನ್ನು ಯಲಹಂಕ ನಾಡಪ್ರಭುವಾದ ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂಬುದು ಪ್ರಸಿದ್ಧವಾಗಿದೆ. ಶುಭಮುಹೂರ್ತದಲ್ಲಿ ನಾಲ್ಕು ನೇಗಿಲುಗಳಿಗೆ ಎತ್ತುಗಳನ್ನು ಹೂಡಿಸಿ ನಾಲ್ಕು ದಿಕ್ಕುಗಳಿಗೆ ಹೊಡೆಯಿಸಿದನೆಂದೂ, ಆ ನೇಗಿಲುಗಳು ಗೆರೆಯೆಳೆದ ದಾರಿಗಳೇ ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳಾದುವೆಂದೂ ಐತಿಹ್ಯವಿದೆ. ಉತ್ತರದ ಯಲಹಂಕ ಬಾಗಿಲಿನಿಂದ ದಕ್ಷಿಣದ ಕೋಟೆಯ ಕಡೆಗೆ ಹರಿದುದು ದೊಡ್ಡಪೇಟೆ; ಪೂರ್ವದ ಹಲಸೂರು ಬಾಗಿಲಿನಿಂದ ಪಶ್ಚಿಮದ ಸೊಂಡೆಕೊಪ್ಪದ ಬಾಗಿಲಿಗೆ ಹೋದುದು ಚಿಕ್ಕಪೇಟೆ. ಇವೆರಡೂ ಕೂಡುವ ಚೌಕವೇ ಊರಿನ ನಾಭಿ. ಇವುಗಳ ಇಕ್ಕೆಲಗಳಲ್ಲಿ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ ಮೊದಲಾದುವು ಕಾಲಕಾಲಕ್ಕೆ ನೆಲೆಗೊಂಡುವು. ಈ ಹೆಸರುಗಳನ್ನು ಗಮನಿಸತಕ್ಕದ್ದು. ಒಂದೊಂದು ಹೆಸರೂ ಒಂದು ಸರಕಿನದು, ಇಲ್ಲವೆ ಒಂದು ಕಾಯಕದ ಜನರದು. ನೆಲಕ್ಕೆ ಹೆಸರು ಬಂದುದು ಅಲ್ಲಿ ಕುಳಿತು ದುಡಿದವರಿಂದಲೇ ಹೊರತು ಅದರ ಒಡೆತನವನ್ನು ಹೊಂದಿದವರಿಂದ ಅಲ್ಲ.

ಒಡೆತನವಾದರೋ ಹಲವು ಕೈಗಳಿಗೆ ಹೋಯಿತು. 1638ರಲ್ಲಿ ಬಿಜಾಪುರದ ಸೇನಾಪತಿಯಾದ ರಣದುಲ್ಲಾಖಾನನು ಊರನ್ನು ಗೆದ್ದನು. ಅದು ಶಹಾಜಿಯ ಜಹಗೀರಾಯಿತು. 1687ರಲ್ಲಿ ಮೊಗಲರ ಕಾಸಿಂಖಾನನು ಅದನ್ನು ಹಿಡಿದನು. ಅನಂತರ ಅದು ಮೈಸೂರಿನ ಚಿಕ್ಕದೇವರಾಜ ಒಡೆಯರ ವಶಕ್ಕೆ ಮೂರು ಲಕ್ಷ ರೂಪಾಯಿಗಳ ಬೆಲೆಗೆ ಬಂದಿತು. ಪೇಟೆ ಕೋಟೆಗಳೊಡನೆ ಒಂದು ಊರೇ ಕ್ರಯಕ್ಕೆ ಬಿದ್ದ ಈ ಪ್ರಸಂಗವು ಬೆಂಗಳೂರಿನ ನೆಲದ ಬೆಲೆಯ ಚರಿತ್ರೆಗೆ ನಾಂದಿಪದ್ಯದಂತಿದೆ. ಆದರೆ ಒಡೆಯರು ಬದಲಾದರೂ ಬೀದಿಯು ಬದಲಾಗಲಿಲ್ಲ. ಗಾಣಿಗನು ಗಾಣವನ್ನೂ ನೇಕಾರನು ಮಗ್ಗವನ್ನೂ ಬಿಡಲಿಲ್ಲವಾದುದರಿಂದ ಪೇಟೆಯು ಪೇಟೆಯಾಗಿಯೇ ಉಳಿಯಿತು.

ಪೇಟೆಯ ಮೊದಲನೆಯ ಮಹಾಪತನವು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸಂಭವಿಸಿತು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯವು ಮೊದಲು ಪೇಟೆಯನ್ನೂ ಅನಂತರ ಕೋಟೆಯನ್ನೂ ಹಿಡಿಯಿತು. ಪೇಟೆಯು ಲೂಟಿಯಾಯಿತು. ಧನಿಕರು ಬೆಲೆಬಾಳುವ ಸೊತ್ತನ್ನು ಮುಂಚೆಯೇ ಕೋಟೆಯೊಳಕ್ಕೆ ಸಾಗಿಸಿದ್ದರು. ಕೋಟೆಯೂ ಬಿದ್ದುದರಿಂದ ಅದೂ ಹೋಯಿತು. 1800ರಲ್ಲಿ ಈ ಊರನ್ನು ಕಂಡು ವಿವರವಾಗಿ ಬರೆದ ಫ್ರಾನ್ಸಿಸ್ ಬುಕಾನನನು ಈ ಕಷ್ಟಪರಂಪರೆಯನ್ನು ತಿಳಿಸಿದ್ದಾನೆ. ಅವನ ಬರಹದ ಪ್ರಕಾರ, ಯುದ್ಧಕ್ಕೆ ಮೊದಲೇ ಟಿಪ್ಪುವು ಆರ್ಕಾಟು ಹೈದರಾಬಾದುಗಳ ಕಡೆಯ ವ್ಯಾಪಾರವನ್ನು ನಿಷೇಧಿಸಿದ್ದುದರಿಂದ ವರ್ತಕರು ಕುಗ್ಗಿದ್ದರು. ಯುದ್ಧಾನಂತರ ಮರಳಿ ಬಂದವರಿಂದಲೂ ಹಣವನ್ನು ಹಿಂಡಲಾಯಿತು. 1799ರಲ್ಲಿ ಯಾರನ್ನು ನಂಬಬೇಕೆಂದು ತಿಳಿಯದೆ ಜನರು ಚೆದರಿಹೋಗಿ ಪೇಟೆಯು ಕೆಲವು ತಿಂಗಳು ಬರಿದಾಗಿತ್ತು.

ಬುಕಾನನನು ಬಂದ ವೇಳೆಗೆ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಜನರು ನಾನಾ ದಿಕ್ಕುಗಳಿಂದ ಹಿಂದಿರುಗುತ್ತಿದ್ದರು. ಅಡಕೆ, ಮೆಣಸು, ಶ್ರೀಗಂಧ, ಹತ್ತಿಯ ಬಟ್ಟೆ ಇವುಗಳ ಸಾಗಾಟವು ಮತ್ತೆ ಮೊದಲಾಗಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ಬರಿದಾದ ಪೇಟೆಯನ್ನು ತುಂಬಿದುದು ಹೊಸ ಕಟ್ಟಡಗಳಲ್ಲ. ಮುರಿದ ಗೋಡೆಗಳು ಮುರಿದಂತೆಯೇ ಇದ್ದುವು. ತುಂಬಿದುದು ನಂಬಿಕೆ: ಇಂದು ಗಲ್ಲೆಗೆ ಬಿದ್ದ ಹಣವು ನಾಳೆ ತನ್ನದಾಗಿಯೇ ಇರುವುದೆಂಬ ಭರವಸೆ, ಸರಕು ಹೇರಿದ ಎತ್ತು ದಾರಿಯಲ್ಲಿ ಸುಲಿಗೆಯಾಗದೆಂಬ ಧೈರ್ಯ. ವರ್ತಕನಿಗೆ ಇವೆರಡು ದೊರೆತರೆ ಸೋರುವ ಮಾಡಿನ ಕೆಳಗೂ ಅಂಗಡಿಯನ್ನು ತೆರೆದಾನು. ಇವೆರಡಿಲ್ಲದಿದ್ದರೆ ಅರಮನೆಯನ್ನು ಬಾಡಿಗೆಗೆ ಕೊಟ್ಟರೂ ಬಾರನು.

ಎರಡನೆಯ ಪತನವು ರೋಗದ ರೂಪದಲ್ಲಿ ಬಂದಿತು. 1809ರಲ್ಲಿ ದಂಡು ಪ್ರದೇಶವು ಸ್ಥಾಪಿತವಾಗಿ, 1864ರಲ್ಲಿ ರೈಲುಮಾರ್ಗವು ಬಂದು, ಬೆಂಗಳೂರು ಎರಡು ಊರುಗಳಂತೆ ಬೆಳೆದಿತ್ತು. ಪೇಟೆಯಲ್ಲಿ ಕೆಳಗೆ ಅಂಗಡಿ, ಹಿಂದೆ ಇಲ್ಲವೆ ಮೇಲೆ ವಾಸ, ಬೀದಿಯು ಇಕ್ಕಟ್ಟು, ಚರಂಡಿಯು ಅಲ್ಪ. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುದಾರಿಯಲ್ಲಿ ಬಂದ ಪ್ಲೇಗು ಇಂತಹ ಸ್ಥಳದಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಜನರು ಮನೆಗಳಿಗೆ ಬೀಗವಿಕ್ಕಿ ಊರ ಹೊರಗೆ ಗುಡಿಸಲುಗಳಿಗೆ ಹೋದರು. ಪೇಟೆ ದಂಡುಗಳೆರಡನ್ನೂ ಕೂಡಿ 1891ರಲ್ಲಿ 1,80,366 ಇದ್ದ ಜನಸಂಖ್ಯೆಯು 1901ರ ಗಣತಿಯಲ್ಲಿ 1,59,046ಕ್ಕೆ ಇಳಿದಿತ್ತು. ಮಲ್ಲೇಶ್ವರ, ಬಸವನಗುಡಿ ಎಂಬ ಹೊಸ ಬಡಾವಣೆಗಳು ನೆಲೆಗೊಂಡುದು ಈ ಕಾಲದಲ್ಲಿಯೇ. ಅನುಕೂಲಸ್ಥರು ಅಲ್ಲಿಗೆ ಹೋದರು. ಪೇಟೆಯ ಮನೆಗಳು ಮೆಲ್ಲಮೆಲ್ಲನೆ ಉಗ್ರಾಣಗಳಾದುವು.

ಈ ಪತನದಿಂದ ಪೇಟೆಯು ಎದ್ದುದು ಊರೆಲ್ಲರಿಗೂ ಸೇರಿದ ಸೌಕರ್ಯಗಳಿಂದ. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗಳಲ್ಲಿ ಬಂದಿತ್ತು. 1900ರಲ್ಲಿ ಕೋಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆಯು ತೆರೆಯಿತು. 1905ರ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಪೇಟೆಯ ಬೀದಿದೀಪಗಳು ಬೆಳಗಿದುವು. 1928ರಲ್ಲಿ, ಹಿಂದೆ ಸಿದ್ದಿಕಟ್ಟೆಯೆಂಬ ಕೆರೆಯಿದ್ದ ಸ್ಥಳದಲ್ಲಿ, ಕೃಷ್ಣರಾಜೇಂದ್ರ ಮಾರುಕಟ್ಟೆಯು ಆರಂಭವಾಯಿತು. ದೀಪವು ಬಂದುದರಿಂದ ಸಂಜೆಯ ಮೇಲೂ ವ್ಯಾಪಾರವು ನಡೆಯುವಂತಾಯಿತು. ಮಾರುಕಟ್ಟೆಯು ಬಂದುದರಿಂದ ಹೂವು ಹಣ್ಣು ತರಕಾರಿಗಳಿಗಾಗಿ ಬಂದವರು ದೊಡ್ಡಪೇಟೆಯಲ್ಲಿ ಬಟ್ಟೆಯನ್ನೂ ಪಾತ್ರೆಯನ್ನೂ ಕೊಂಡರು. ಅಂಗಡಿಯ ಒಡೆಯನು ಒಂದು ಇಟ್ಟಿಗೆಯನ್ನು ಇಡದಿದ್ದರೂ ಅವನ ಮಳಿಗೆಯ ಬಾಡಿಗೆಯು ಏರಿತು. ಹಾಗೆ ಏರಿದ ಬಾಡಿಗೆಯು ಯಾರ ದುಡಿಮೆಯ ಫಲ? ಈ ಪ್ರಶ್ನೆಯು ನಮ್ಮ ವಿಷಯದ ತಿರುಳಾಗಿದೆ.

ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರವಿತ್ತ ಶರಣರೊಬ್ಬರು ಇದೇ ಪೇಟೆಯಲ್ಲಿದ್ದರು. ಗುಬ್ಬಿಯಲ್ಲಿ 1838ರಲ್ಲಿ ಲಿಂಗವಂತ ಕುಟುಂಬದಲ್ಲಿ ಜನಿಸಿ, ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ಅಂಗಡಿಯಿಟ್ಟು ವ್ಯಾಪಾರದಿಂದ ಶ್ರೀಮಂತರಾದ ಗುಬ್ಬಿ ತೋಟದಪ್ಪನವರ ಹೆಸರನ್ನು ನಮ್ಮಲ್ಲಿ ಅರಿಯದವರಾರು? ಮಕ್ಕಳಿಲ್ಲದ ಆ ಮಹನೀಯರು ರೈಲಿನಲ್ಲಿ ಬಂದಿಳಿದ ಯಾತ್ರಿಕರು ತಂಗಲು ತಾವಿಲ್ಲದೆ ಬಳಲುವುದನ್ನು ಕಂಡು, ರೈಲುನಿಲ್ದಾಣದ ಎದುರಿಗೆ ನೆಲವನ್ನು ಸಂಪಾದಿಸಿ ಧರ್ಮಛತ್ರವನ್ನು ಕಟ್ಟಿಸಿದರು. ಅದು 1903ರಲ್ಲಿ ಆರಂಭವಾಯಿತು. ದೂರದ ಊರುಗಳಿಂದ ವಿದ್ಯೆಗಾಗಿ ಬಂದ ನಮ್ಮ ಸಮಾಜದ ಬಡ ಮಕ್ಕಳಿಗೆ ಉಚಿತ ವಿದ್ಯಾರ್ಥಿನಿಲಯವನ್ನೂ ಏರ್ಪಡಿಸಿದರು. ತಮ್ಮ ಸ್ವತ್ತನ್ನು ಧರ್ಮಸಂಸ್ಥೆಗೆ ಒಪ್ಪಿಸಿ, ಅದರ ಮೇಲ್ವಿಚಾರಣೆಗೆ ಸರ್ ಕೆ. ಪಿ. ಪುಟ್ಟಣ್ಣಚೆಟ್ಟಿಯವರಂತಹ ಪ್ರಾಮಾಣಿಕರನ್ನು ಒದಗಿಸಿಕೊಂಡರು. ಮೈಸೂರಿನ ಮಹಾರಾಜರಿಂದ 1905ರಲ್ಲಿ ಧರ್ಮಪ್ರವರ್ತರೆಂಬ ಬಿರುದನ್ನು ಪಡೆದು, 1910ರಲ್ಲಿ ಲಿಂಗೈಕ್ಯರಾದರು. ಎಲೆಯ ವ್ಯಾಪಾರದಿಂದ ಗಳಿಸಿದ ಹಣವನ್ನು ಕೆರೆ ಕಟ್ಟಿಸಲು ವಿನಿಯೋಗಿಸಿದ ಎಲೆ ಮಲ್ಲಪ್ಪಶೆಟ್ಟರೂ ಇದೇ ಪರಂಪರೆಯವರು.

ತೋಟದಪ್ಪನವರ ವಿವೇಕವನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಆ ಸ್ಥಳವು ಇಂದು ನಗರದ ಅತ್ಯಂತ ಬೆಲೆಯುಳ್ಳ ನೆಲಗಳಲ್ಲಿ ಒಂದು. ರೈಲಿನಿಂದ ಬೆಲೆಯು ಬಂದ ಸ್ಥಳದಲ್ಲಿ ರೈಲಿನಿಂದ ಇಳಿದವನಿಗೇ ಅವರು ನೆರಳನ್ನು ಕೊಟ್ಟರು. ಜನರ ಓಡಾಟದಿಂದ ನೆಲಕ್ಕೆ ಬಂದ ಹೆಚ್ಚಳವನ್ನು ಜನರಿಗೇ ಮರಳಿಸಿದರು. ದಾಸೋಹವೆಂದರೆ ಉಳಿದುದನ್ನು ಕೊಡುವುದಲ್ಲ, ಬಂದುದರ ಮೂಲವನ್ನರಿತು ಕೊಡುವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಮೂರನೆಯ ಪತನವು ಯುದ್ಧದಂತೆ ಶಬ್ದಮಾಡಲಿಲ್ಲ, ಪ್ಲೇಗಿನಂತೆ ಓಡಿಸಲಿಲ್ಲ, ಗೆದ್ದಲಿನಂತೆ ಬಂದಿತು. ಬಾಡಿಗೆದಾರರ ರಕ್ಷಣೆಗಾಗಿ 1961ರಲ್ಲಿ ಬಾಡಿಗೆ ನಿಯಂತ್ರಣದ ಶಾಸನವಾಯಿತು. ಅದರ ಉದ್ದೇಶವು ಒಳ್ಳೆಯದೇ. ಎಷ್ಟೋ ಸಣ್ಣ ವ್ಯಾಪಾರಿಗಳು ಅದರ ನೆರಳಿನಲ್ಲಿ ಬದುಕಿದರು. ಆದರೆ ಬೆಲೆಗಳೆಲ್ಲ ಏರುತ್ತಿರಲು ಬಾಡಿಗೆಯೊಂದು ನಿಂತಲ್ಲೇ ನಿಂತಿತು. ಬರುವ ಬಾಡಿಗೆಯು ಸುಣ್ಣಕ್ಕೂ ಸಾಲದೆಂದು ಒಡೆಯನು ದುರಸ್ತಿಯನ್ನು ಬಿಟ್ಟನು. ತನ್ನದಲ್ಲದ ಕಟ್ಟಡವೆಂದು ಬಾಡಿಗೆದಾರನೂ ಬಿಟ್ಟನು. ಮಳಿಗೆಯು ಕೈಬದಲಾಗುವಾಗ ಪಗಡಿಯೆಂಬ ಹಣವು ಲೆಕ್ಕಕ್ಕೆ ಸಿಕ್ಕದೆ ಓಡಾಡಿತು. ಹೀಗೆ ಒಡೆಯನೂ ಬಾಡಿಗೆದಾರನೂ ಪರಸ್ಪರ ನೋಡುತ್ತಿರಲು ನಡುವೆ ತೊಲೆಯು ಮುರಿಯಿತು. ಇದೇ ಅವಧಿಯಲ್ಲಿ ಮೋಟಾರು ವಾಹನಗಳು ಹೆಚ್ಚಿ, ಎತ್ತಿನ ಗಾಡಿಗಾಗಿ ಆದ ಬೀದಿಗಳಲ್ಲಿ ನಡೆಯುವುದೇ ದುಸ್ತರವಾಯಿತು. ಈ ಸ್ಥಿತಿಯನ್ನು ತಿದ್ದಲು 1999ರ ಕರ್ನಾಟಕ ಬಾಡಿಗೆ ಅಧಿನಿಯಮವು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ವಾಸಕ್ಕಲ್ಲದ ಕಟ್ಟಡಗಳು ಸಾಮಾನ್ಯವಾಗಿ ಅದರ ಹೊರಗಾದುವು. 14 ಚದರ ಮೀಟರನ್ನು ಮೀರದ ಸಣ್ಣ ವ್ಯಾಪಾರದ ಮಳಿಗೆಗಳನ್ನು ಮಾತ್ರ, ಕೆಲವು ಕಟ್ಟಳೆಗಳಿಗೆ ಒಳಪಟ್ಟು, ಒಳಗಿಟ್ಟುಕೊಳ್ಳಲಾಯಿತು. ಕಾನೂನು ಕೂಡ ಸಣ್ಣ ಗದ್ದಿಗೆಯವನನ್ನು ದೊಡ್ಡವನಿಂದ ಬೇರ್ಪಡಿಸಿ ನೋಡಿತೆಂಬುದನ್ನು ನಾವು ಮನಸ್ಸಿನಲ್ಲಿಡಬೇಕು.

ತರುವಾಯದ ಪುನರುಜ್ಜೀವನವು ನಮ್ಮ ಕಣ್ಣೆದುರಿಗೇ ಆಗಿದೆ. ಹಳೆಯ ಮನೆಗಳು ಒಂದೊಂದಾಗಿ ಬಿದ್ದು ಬಹು ಅಂತಸ್ತಿನ ವಾಣಿಜ್ಯ ಸಂಕೀರ್ಣಗಳು ಎದ್ದುವು. ಪೇಟೆಯ ಅಡಿಯಲ್ಲಿ ಸುರಂಗವನ್ನು ಕೊರೆದು ನಡೆಯಿಸಿದ ಮೆಟ್ರೋ ರೈಲು 2017ರ ಜೂನ್ 17ರಂದು ಉದ್ಘಾಟಿತವಾಗಿ, ಚಿಕ್ಕಪೇಟೆಗೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ನಿಲ್ದಾಣಗಳಾದುವು. ವಾಹನವನ್ನು ನಿಲ್ಲಿಸಲು ಜಾಗವಿಲ್ಲವೆಂದು ಪೇಟೆಯನ್ನು ತೊರೆದಿದ್ದ ಗೃಹಿಣಿಯರು ಮದುವೆಯ ಸೀರೆಗಾಗಿ ಮತ್ತೆ ಬರುವುದಕ್ಕೆ ಹಾದಿಯಾಯಿತು. 2020ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಬಾಗಿಲುಗಳೆಲ್ಲ ಮುಚ್ಚಿದುವು. ಮನೆಬಾಗಿಲಿಗೇ ಸರಕನ್ನು ತರಿಸಿಕೊಳ್ಳುವ ರೂಢಿಯು ಬೆಳೆಯಿತು. ಆದರೂ ಪೇಟೆಯು ಮತ್ತೆ ತೆರೆಯಿತು. ಇಂದಿಗೂ ಚೈತ್ರ ಪೌರ್ಣಮಿಯ ರಾತ್ರಿ ಧರ್ಮರಾಯಸ್ವಾಮಿಯ ಕರಗವು ಈ ಬೀದಿಗಳಲ್ಲಿ ಸಾಗುತ್ತದೆ. ಯಂತ್ರವು ಮನೆಗೆ ಸರಕನ್ನು ತಲುಪಿಸೀತು. ಇಂತಹ ಬೀದಿಯನ್ನು ತಲುಪಿಸಲಾರದು.

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ನಿವೇದಿಸಿಕೊಳ್ಳಲು ಅಪ್ಪಣೆಯಿರಲಿ. ಬಾಲ್ಯದಲ್ಲಿ ಪಾಠಶಾಲೆಯ ವಿದ್ಯಾರ್ಥಿಯಾಗಿ ಬೆಂಗಳೂರಿಗೆ ಹೋದಾಗಲೆಲ್ಲ ದೊಡ್ಡಪೇಟೆಯ, ಎಂದರೆ ಈಗಿನ ಅವೆನ್ಯೂ ರಸ್ತೆಯ, ಹಳೆಯ ಪುಸ್ತಕದಂಗಡಿಗಳ ಮುಂದೆ ನಿಲ್ಲುವುದು ನನ್ನ ವಾಡಿಕೆಯಾಗಿತ್ತು. ಒಂದು ಸಲ ವ್ಯಾಕರಣಗ್ರಂಥವೊಂದು ಕಣ್ಣಿಗೆ ಬಿದ್ದಿತು. ಕೈಯಲ್ಲಿದ್ದ ಹಣವು ಬೆಲೆಯ ಅರ್ಧಕ್ಕೂ ಸಾಲದು. ಅಂಗಡಿಯ ಯಜಮಾನರು ನನ್ನ ಹಣೆಯ ವಿಭೂತಿಯನ್ನೂ ಹರಿದ ಚೀಲವನ್ನೂ ನೋಡಿ, “ತಗೊಂಡು ಹೋಗಪ್ಪ ಮರಿ, ಓದಿ ಆದ್ಮೇಲೆ ಯಾವಾಗಲಾದರೂ ಕೊಡು” ಎಂದರು. ಅವರು ನನ್ನ ಊರನ್ನು ಕೇಳಲಿಲ್ಲ, ಹೆಸರನ್ನು ಬರೆದುಕೊಳ್ಳಲಿಲ್ಲ. ಮುಂದಿನ ವರ್ಷ ಹಣವನ್ನು ತೆತ್ತೆನು. ಆ ಗ್ರಂಥದಿಂದಲೇ ಇಂದಿಗೂ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಬಹುವರ್ಷಗಳ ಮೇಲೆ ಅಲ್ಲಿಗೆ ಹೋದಾಗ ಆ ಮಾಡಿನ ಕಟ್ಟಡವಿರಲಿಲ್ಲ. ಅದರ ಸ್ಥಳದಲ್ಲಿ ಗಾಜಿನ ಮುಖದ ಸಂಕೀರ್ಣವೊಂದು ನಿಂತಿತ್ತು. ಪುಸ್ತಕದ ಯಜಮಾನರೆಲ್ಲಿ ಎಂದು ಪಕ್ಕದ ಅಂಗಡಿಯಲ್ಲಿ ವಿಚಾರಿಸಲು, “ಬಿಲ್ಡಿಂಗು ಕಟ್ಟೋವಾಗ ಎದ್ದು ಹೋದರು ಸ್ವಾಮಿ. ಹೊಸ ಬಾಡಿಗೆ ಅವರಿಗೆ ಎಟುಕಲಿಲ್ಲ” ಎಂಬ ಉತ್ತರವು ಬಂದಿತು. ಬೀದಿಯು ನಿಜವಾಗಿಯೂ ಹಿಂದಿಗಿಂತ ಚೆನ್ನಾಗಿತ್ತು. ಕಲ್ಲುಹಾಸು ಸಮವಾಗಿತ್ತು, ದೀಪವು ಪ್ರಖರವಾಗಿತ್ತು. ಆದರೆ ಕೈಯಲ್ಲಿ ಅರ್ಧ ಬೆಲೆಯುಳ್ಳ ಹುಡುಗನು ಬಂದು ನಿಂತರೆ ಪುಸ್ತಕವನ್ನು ಕೊಡುವವರು ಅಲ್ಲಿರಲಿಲ್ಲ.

ಇದನ್ನು ದೂರಿನ ರೂಪದಲ್ಲಿ ಹೇಳುತ್ತಿಲ್ಲ. ಕಟ್ಟಡದ ಒಡೆಯರು ಅಧರ್ಮವನ್ನು ಮಾಡಿದರೆಂದು ಹೇಳುವ ಅಧಿಕಾರವು ನನಗಿಲ್ಲ. ಹಳೆಯ ಮಾಡು ಯಾರ ತಲೆಯ ಮೇಲಾದರೂ ಬೀಳುವ ಮೊದಲು ಅದನ್ನು ತೆಗೆಯಬೇಕಾದುದು ಅಗತ್ಯವೇ. ಜೀರ್ಣವನ್ನು ಜೀರ್ಣವಾಗಿಯೇ ಬಿಡುವುದು ಭಕ್ತಿಯಲ್ಲ. ಆದರೆ ಮೂರು ಸಲದ ಏಳುಬೀಳುಗಳ ಚರಿತ್ರೆಯು ಒಂದೇ ಮಾತನ್ನು ಸಾರುತ್ತದೆ. 1800ರಲ್ಲಿ ಪೇಟೆಯನ್ನು ಎಬ್ಬಿಸಿದುದು ಮರಳಿ ಬಂದ ವರ್ತಕರ ನಂಬಿಕೆ. ಪ್ಲೇಗಿನ ತರುವಾಯ ಎಬ್ಬಿಸಿದುದು ಎಲ್ಲರಿಗೂ ಸೇರಿದ ನೀರು, ದೀಪ, ಮಾರುಕಟ್ಟೆ. ಈ ಶತಮಾನದಲ್ಲಿ ಎಬ್ಬಿಸಿದುದು ಕಾನೂನಿನ ತಿದ್ದುಪಡಿ ಮತ್ತು ಸಾರ್ವಜನಿಕರ ಹಣದಿಂದಾದ ರೈಲು. ಒಡೆಯನ ಬಂಡವಾಳವು ಇವುಗಳ ಹಿಂದೆ ಬಂದುದೇ ಹೊರತು ಮುಂದೆ ಬಂದುದಲ್ಲ. ಅಂದಮೇಲೆ ಹೆಚ್ಚಿದ ಬಾಡಿಗೆಯೆಲ್ಲವೂ ತನ್ನದೇ ಎಂದು ಹೇಳುವುದಕ್ಕೆ ಒಡೆಯನು ಸ್ವಲ್ಪ ಸಂಕೋಚಪಡಬೇಕು. ಆ ಒಡೆಯನು ಮಠವೇ ಆಗಿದ್ದರೆ ಸಂಕೋಚವು ಇಮ್ಮಡಿಯಾಗಿರಬೇಕು.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವನ ಸತಿ ಲಕ್ಕಮ್ಮನು ಅದನ್ನು ಅಡುಗೆಗೆ ತೆಗೆದುಕೊಳ್ಳದೆ, ಹೆಚ್ಚಾದುದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಹಿಂದಕ್ಕೆ ಕಳುಹಿಸಿದ ಕಥೆಯು ನಮ್ಮ ಮನೆಮನೆಯಲ್ಲಿಯೂ ಹೇಳಲ್ಪಡುತ್ತದೆ. ಅಕ್ಕಿಯು ಕದ್ದುದಲ್ಲ, ಬೇಡಿದುದಲ್ಲ, ಹಾದಿಯಲ್ಲಿ ಬಿದ್ದುದೇ. ಆದರೂ ನಿತ್ಯದ ಅಳತೆಗೆ ಮೀರಿದುದು ಎಂಬಷ್ಟರಿಂದಲೇ ಆಕೆಯು ಒಲ್ಲೆನೆಂದಳು. ಬೆಲೆಯೇರಿದ ನೆಲದಿಂದ ತಾನಾಗಿಯೇ ಉದುರುವ ಬಾಡಿಗೆಯೂ ಅಂತಹ ಅಕ್ಕಿಯೇ ಅಲ್ಲವೆ?

ನಮ್ಮ ಬೀದಿಯ ಮಳಿಗೆಗಳಲ್ಲಿ ಇಂದು ವಿಭೂತಿ ಬಿಲ್ವಪತ್ರೆಗಳನ್ನು ಮಾರುವವರಿದ್ದಾರೆ. ಗ್ರಂಥಗಳಿಗೆ ರಟ್ಟು ಕಟ್ಟುವವರಿದ್ದಾರೆ. ಜಾತ್ರೆಗೆ ಬಂದ ಮಕ್ಕಳಿಗೆ ಬತ್ತಾಸು ಮಂಡಕ್ಕಿಗಳನ್ನು ಕಟ್ಟಿಕೊಡುವ ಮುದುಕಿಯಿದ್ದಾಳೆ. ಮಾಡುಗಳು ಸೋರುತ್ತಿವೆ, ಕಟ್ಟಲೇಬೇಕು. ಕಟ್ಟುವಾಗ ಆಗಮೋಕ್ತವಾದ ಕ್ರಮವನ್ನೇ ಅನುಸರಿಸೋಣವೆಂದು ಹಿರಿಯರಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ. ಮೊದಲು ಇವರಿಗೆ ರಥದ ಬಯಲಿನಲ್ಲಿ ತಾತ್ಕಾಲಿಕ ಮಳಿಗೆಗಳಾಗಲಿ. ಅದೇ ಅವರ ಬಾಲಾಲಯ. ಕಟ್ಟಡವು ಮುಗಿದ ಮೇಲೆ ಯಾರು ಎಲ್ಲಿದ್ದರೋ ಅವರೇ ಅಲ್ಲಿಗೆ ಮೊದಲು ಬರಲಿ. ಈ ಮಾತು ಬಿಚ್ಚುವುದಕ್ಕೆ ಮುಂಚೆಯೇ ಪತ್ರದಲ್ಲಿ ಬರೆಯಲ್ಪಡಲಿ. ಮೇಲಿನ ಅಂತಸ್ತುಗಳಿಗೆ ಪೇಟೆಯ ಧಾರಣೆಯ ಬಾಡಿಗೆಯು ಬರಲಿ, ಅದರಿಂದ ಪ್ರಸಾದನಿಲಯವು ನಡೆಯಲಿ; ಕೆಳಗಿನ ಚಿಕ್ಕ ಮಳಿಗೆಗಳ ಬಾಡಿಗೆಯು ಕಾಯಕಕ್ಕೆ ತಕ್ಕಂತೆ, ವರ್ಷವರ್ಷಕ್ಕೂ ಸ್ವಲ್ಪಸ್ವಲ್ಪವಾಗಿ ಏರಲಿ. ಬಾಡಿಗೆಯನ್ನು ಕಲ್ಲಿನಂತೆ ನಿಲ್ಲಿಸಿದರೆ ಮಾಡು ಬೀಳುವುದನ್ನೂ, ಗಾಳಿಯಂತೆ ಬಿಟ್ಟರೆ ಜನರು ಹಾರಿಹೋಗುವುದನ್ನೂ ಬೆಂಗಳೂರಿನ ಪೇಟೆಯು ನಮಗೆ ತೋರಿಸಿಕೊಟ್ಟಿದೆ.

ಮುಂದಿನ ಮಹೋತ್ಸವದ ವೇಳೆಗೆ ನಾವಾರೂ ಇರಲಿಕ್ಕಿಲ್ಲ. ಆದರೆ ಆಗಲೂ ನಮ್ಮ ಬೀದಿಯ ಅಂಗಡಿಯೊಂದರ ಮುಂದೆ, ಹರಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಅರ್ಧ ಬೆಲೆಯನ್ನಿಟ್ಟುಕೊಂಡು ಹುಡುಗನೊಬ್ಬನು ನಿಂತೇ ಇರುವನು. ಅವನಿಗೆ ಪುಸ್ತಕವನ್ನು ಕೊಡುವ ಯಜಮಾನರು ಒಳಗೆ ಕುಳಿತಿರುವಂತೆ ಶ್ರೀಗುರುವು ನಮಗೆ ಬುದ್ಧಿಯನ್ನು ಕರುಣಿಸಲಿ.